ನೆರೆಮನೆಗೆ ಎಳೆಯುವ ಜಾಲತಂತಿ

ಒಂದೇ ಅಂಗಳದ ಆಚೀಚೆ ಇರುವ ಎರಡು ಮನೆಗಳ ಗಣಕಯಂತ್ರಗಳನ್ನು ಕೂಡಿಸಲು ತಾಮ್ರದ ಈಥರ್‌ನೆಟ್ ಕೇಬಲ್ಲೊಂದನ್ನು ಮಾಳಿಗೆಯಿಂದ ಮಾಳಿಗೆಗೆ ಎಳೆದುಬಿಡುವುದುಂಟು. 100 ಮೀಟರುಗಳ ಮಿತಿಯೊಳಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದುದರಿಂದಲೇ ಅದರೊಳಗಿನ ಅಪಾಯ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ.

ಪ್ರತಿಯೊಂದು ಮನೆಗೂ ತನ್ನದೇ ಆದ ಭೂಸಂಪರ್ಕದ ಗುಂಡಿಯಿರುವುದು. ಇದ್ದಿಲು, ಉಪ್ಪು ತುಂಬಿ ನೀರೆರೆದ ಆ ಗುಂಡಿಯ ತೇವ ಒಂದು ಮನೆಯಲ್ಲಿ ಉಳಿದಿರಬಹುದು. ಇನ್ನೊಂದರಲ್ಲಿ ಬೇಸಗೆಗೆ ಆರಿಹೋಗಿ ರೋಧ ಏರಿರಬಹುದು. ಅಂತಹ ಮನೆಯಲ್ಲಿ ವಿದ್ಯುತ್ತು ಸೋರಿತೆಂದರೆ ಎರಡು ಭೂಸಂಪರ್ಕಗಳ ನಡುವೆ ಹತ್ತಾರು ವೋಲ್ಟುಗಳ, ಕೆಲವೊಮ್ಮೆ ಇನ್ನೂ ಹೆಚ್ಚಿನ ಅಂತರ ಏರ್ಪಡುತ್ತದೆ. ಸಾಧನಗಳೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು 1500 ವೋಲ್ಟುಗಳನ್ನು ತಡೆಯುವಂತೆ ರಚಿತವಾಗಿವೆ, ನಿಜ. ಆದರೆ ಲೋಹದ ಹೊದಿಕೆಯ ಕೇಬಲ್ಲಿನ ಎರಡೂ ತುದಿಗಳು ಭೂಸಂಪರ್ಕಕ್ಕೆ ತಗುಲಿದ್ದರೆ ವಿದ್ಯುತ್ತು ಆ ಹೊದಿಕೆಯಲ್ಲಿಯೇ ಹರಿಯತೊಡಗುತ್ತದೆ. ಸಿಡಿಲಿನ ಮಾತಂತೂ ಬೇರೆಯೇ. ಅದು ತಂತಿಗೇ ಬಡಿಯಬೇಕೆಂದಿಲ್ಲ. ಸಮೀಪದ ತೆಂಗಿನ ಮರಕ್ಕೆ ಬಡಿದರೂ ಸಾಕು, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆ ತಂತಿಯಲ್ಲಿ ಸಾವಿರಾರು ವೋಲ್ಟುಗಳು ಕ್ಷಣಾರ್ಧದಲ್ಲಿ ಹುಟ್ಟಬಲ್ಲವು. ಆಗ ಎರಡೂ ಮನೆಗಳ ಸಾಧನಗಳು ಒಟ್ಟಿಗೇ ಸುಟ್ಟಾವು. ಅವನ್ನು ಮುಟ್ಟಿಕೊಂಡಿದ್ದವರ ಪ್ರಾಣಕ್ಕೂ ಭಯವುಂಟು.

ಇದಕ್ಕೆ ಸರಿಯಾದ ಪರಿಹಾರ ಗಾಜಿನ ಎಳೆ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಅದರೊಳಗೆ ಬೆಳಕು ಬಹುದೂರ ಸಂದೇಶವನ್ನು ಒಯ್ಯಬಲ್ಲುದೆಂದು 1966ರಲ್ಲಿ ಪ್ರತಿಪಾದಿಸಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಳಕನ್ನು ಒಯ್ಯುವ ಈ ಎಳೆ ವಿದ್ಯುತ್ತನ್ನು ಒಯ್ಯದು. ಎರಡೂ ತುದಿಗಳಲ್ಲಿ ಒಂದೊಂದು ಮೀಡಿಯಾ ಕನ್ವರ್ಟರ್ ಇಟ್ಟರೆ ಮುಗಿಯಿತು. ಆದರೆ ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿದ ಫೈಬರ್ ಕೇಬಲ್ಲುಗಳೂ ಅಂಗಡಿಗಳಲ್ಲಿ ದೊರೆಯುವುದರಿಂದ ಕೊಳ್ಳುವಾಗಲೇ ಕೇಳಿ ತಿಳಿಯತಕ್ಕದ್ದು. ಇಲ್ಲವಾದರೆ ಗಾಜಿನ ಹೆಸರಿನಲ್ಲಿ ಮತ್ತೆ ಲೋಹವನ್ನೇ ಎಳೆದಂತಾಯಿತು.

ತಾಮ್ರವೇ ಅನಿವಾರ್ಯವಾದಲ್ಲಿ, ಎರಡೂ ಮನೆಗಳಲ್ಲಿ ಕೇಬಲ್ಲು ಒಳಸೇರುವ ಜಾಗದಲ್ಲಿಯೇ ಸರ್ಜ್ ಪ್ರೊಟೆಕ್ಟರುಗಳನ್ನು ಕೂಡಿಸಿ, ಆಯಾ ಮನೆಯ ಮುಖ್ಯ ಭೂಸಂಪರ್ಕಕ್ಕೆ ಗಿಡ್ಡ ತಂತಿಯಿಂದ ಜೋಡಿಸಬೇಕು. ಹೊರಗೆ ಬಿಸಿಲನ್ನು ತಾಳುವುದು ಕಪ್ಪು ಪಾಲಿಥೀನ್ ಹೊದಿಕೆ, ಒಳಾಂಗಣದ ಪಿ.ವಿ.ಸಿ. ಹೊದಿಕೆ ಕಾಲಕ್ರಮದಲ್ಲಿ ಬಿರಿಯುತ್ತದೆ. ವಿದ್ಯುತ್ ಕಂಬಕ್ಕೆ ಕೇಬಲ್ಲನ್ನು ಕಟ್ಟುವುದಾಗಲಿ, ವಿದ್ಯುತ್ ತಂತಿಯ ಕೊಳವೆಯಲ್ಲಿಯೇ ತೂರಿಸುವುದಾಗಲಿ ಸರ್ವಥಾ ಕೂಡದು. ಗೋಡೆಯ ರಂಧ್ರವನ್ನು ಹೊರಕ್ಕೆ ಇಳಿಜಾರಾಗುವಂತೆ ಕೊರೆದು, ಅದರ ಕೆಳಗೆ ಕೇಬಲ್ಲನ್ನು ಜೋಲುಬಿಟ್ಟರೆ ಮಳೆಯ ನೀರು ಒಳಗೆ ಬಾರದೆ ಅಲ್ಲಿಂದಲೇ ತೊಟ್ಟಿಕ್ಕುವುದು.