ಅಂಕಿತ, ಅರ್ಕಾವತ್ತು, ಅಕ್ಷರಸಂಕೇತ: ಕನಕ ಸಾಹಿತ್ಯದ ಯುನಿಕೋಡ್ ಪರಿವರ್ತನೆಯ ಕೆಲವು ಪ್ರಶ್ನೆಗಳು

ಕೀರ್ತನೆಯೊಂದು ಕನಕದಾಸರದೇ ಎಂದು ನಿರ್ಧರಿಸುವಲ್ಲಿ ಸಂಶೋಧಕರಿಗೆ ದೊರೆಯುವ ಮೊದಲ ಆಧಾರ ಅಂಕಿತ. ಹಾವೇರಿ ಜಿಲ್ಲೆಯ ಕಾಗಿನೆಲೆಯ ಹೆಸರನ್ನೂ ಅಲ್ಲಿಯ ದೈವದ ಹೆಸರನ್ನೂ ಕೂಡಿಸಿಕೊಂಡ ‘ಕಾಗಿನೆಲೆಯಾದಿಕೇಶವ’ ಎಂಬ ಮುದ್ರಿಕೆಯನ್ನು ಇಂದು ಗಣಕದಲ್ಲಿ ಹುಡುಕಿ ಪಟ್ಟಿಮಾಡುವುದು ಕ್ಷಣದ ಕೆಲಸವೆಂದು ಭಾವಿಸಲಾಗುತ್ತದೆ. ಆದರೆ ಗಣಕವು ‘ಇಲ್ಲ’ ಎಂದಾಗ ಅದು ಪಠ್ಯದ ಸಾಕ್ಷ್ಯವೋ ಅಥವಾ ಪಠ್ಯವನ್ನು ಗಣಕಕ್ಕೆ ಸೇರಿಸಿದ ಕ್ರಮದ ದೋಷವೋ ಎಂಬುದನ್ನು ವಿಚಾರಿಸಬೇಕಾಗಿದೆ.

ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಗ್ರಂಥಗಳು ಸಿದ್ಧವಾದದ್ದು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ. ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ವಿಂಡೋಸ್‌ನಲ್ಲಿ ಅದಕ್ಕೆ ಆಸರೆ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಫಾಂಟಿನೊಡನೆ. ಹಳೆಯ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು ಕೂಡಿಡುತ್ತವೆ. ನುಡಿಯಲ್ಲಿ ‘ಕ’ ಎಂದರೆ ತಲೆಕಟ್ಟಿಲ್ಲದ ಒಂದು ಆಕಾರ ಮತ್ತು ಬೇರೆಯದೇ ಆದ ತಲೆಕಟ್ಟು. ಮೊದಲನೆಯದು ರೋಮನ್ನಿನ ‘ಪಿ’ ಅಕ್ಷರದ ಮನೆಯಲ್ಲಿ ಕುಳಿತಿರುತ್ತದೆ. ‘ನ’ಕಾರಕ್ಕೆ ಪೌಂಡ್ ಚಿಹ್ನೆಯ ಮನೆ. ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವ ವಿಚಿತ್ರ ಸಾಲುಗಳಿಗೆ ಇದೇ ಕಾರಣ. ಇನ್ನು ಪೇಜ್‌ಮೇಕರ್‌ನಲ್ಲಿ ಪುಟಕಟ್ಟಿದ ಗ್ರಂಥಗಳ ಸ್ಥಿತಿ ಮತ್ತಷ್ಟು ಕಠಿಣ. 2012ರ ಸಿಎಸ್6ರ ನಂತರದ ಇನ್‌ಡಿಸೈನ್ ಆವೃತ್ತಿಗಳು ಆ ಕಡತಗಳನ್ನು ತೆರೆಯುವುದೇ ಇಲ್ಲ.

ಪರಿವರ್ತಕ ತಂತ್ರಾಂಶಗಳಿಗೆ ಹೆಚ್ಚು ತೊಡಕಾಗುವುದು ಅರ್ಕಾವತ್ತು. ಹಳೆಯ ಕಡತದಲ್ಲಿ ಅದು ಬರೆಯುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕೆ ಮೊದಲು ಬರಬೇಕು. ‘ಮರ್ತ್ಯ’ದಂತಹ ಪದದಲ್ಲಿ ಅದನ್ನು ಒತ್ತಕ್ಷರವನ್ನೂ ದಾಟಿಸಿ ಹಿಂದಕ್ಕೆ ಒಯ್ಯಬೇಕಾಗುತ್ತದೆ. ಇದರ ಜೊತೆಗೆ ಬೆರಳಚ್ಚಿನ ಒಂದು ಹಳೆಯ ರೂಢಿಯೂ ಸೇರಿದೆ: ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತುವುದು. ‘ಕನಾ೯ಟಕ’, ‘ಕೀತ೯ನೆ’ ಎಂಬ ರೂಪಗಳು ಕಣ್ಣಿಗೆ ಸರಿಯಾಗಿಯೇ ತೋರುತ್ತವೆ. ಶೋಧಕಕ್ಕೆ ಮಾತ್ರ ಅವು ಅಂಕೆ ಬೆರೆತ ಅನ್ಯಪದಗಳು.

ಕನಕರ ಅಂಕಿತವನ್ನೇ ಕಾಡುವ ತೊಡಕು ಏತ್ವದ್ದು. ‘ಕೇ’ ಎಂಬುದನ್ನು ಯುನಿಕೋಡಿನಲ್ಲಿ ಕಕಾರಕ್ಕೆ ಏತ್ವವನ್ನು ಒಂದೇ ಸಂಕೇತವಾಗಿ ಸೇರಿಸಿಯೂ, ಎತ್ವ ಮತ್ತು ದೀರ್ಘಗಳೆಂಬ ಎರಡು ಸಂಕೇತಗಳಾಗಿ ಸೇರಿಸಿಯೂ ಬರೆಯಬಹುದು. ಎರಡೂ ಸಮಾನವೆಂದು ಶಿಷ್ಟತೆಯೇ ಹೇಳುತ್ತದೆ. ಹೀಗಿದ್ದೂ ಸಂಕೇತಗಳನ್ನು ಏಕರೂಪಕ್ಕೆ ತರದ ಶೋಧಕ ಇವನ್ನು ಬೇರೆ ಬೇರೆಯೆಂದೇ ಎಣಿಸುತ್ತದೆ. ಹಳೆಯ ಫಾಂಟಿನ ಚೂರುಗಳನ್ನು ಹಾಗೆಯೇ ಇಳಿಸಿಕೊಂಡ ಪಠ್ಯದಲ್ಲಿ ‘ಆದಿಕೇಶವ’ನನ್ನು ಹುಡುಕಿದರೆ ಅಂಕಿತವಿರುವ ಕೀರ್ತನೆಯೂ ಅಂಕಿತವಿಲ್ಲದ್ದರ ಸಾಲಿಗೆ ಸೇರುತ್ತದೆ. ಅಂತಹ ಪಟ್ಟಿಯನ್ನು ಆಧರಿಸಿದ ಕರ್ತೃತ್ವದ ಚರ್ಚೆಗೆ ಬೆಲೆಯೇನು?

ಇಲ್ಲಿ ನಡೆಯುವುದು ಕೇವಲ ತಾಂತ್ರಿಕ ವ್ಯವಹಾರವಲ್ಲ. ಲಿಪಿಕಾರನ ಸ್ಥಾನದಲ್ಲಿ ತಂತ್ರಾಂಶ ನಿಂತಿದೆ. ಆದ್ದರಿಂದ ಗ್ರಂಥಸಂಪಾದನೆಯ ಸಾಧನಗಳೇ ಇಲ್ಲಿಯೂ ನೆರವಾಗುತ್ತವೆ. ‘ನಳಚರಿತ್ರೆ’, ‘ಹರಿಭಕ್ತಿಸಾರ’, ‘ರಾಮಧಾನ್ಯಚರಿತೆ’ಗಳು ಭಾಮಿನಿ ಷಟ್ಪದಿಯಲ್ಲಿವೆ. 1, 2, 4, 5ನೆಯ ಪಾದಗಳಲ್ಲಿ 14 ಮಾತ್ರೆ, 3 ಮತ್ತು 6ನೆಯ ಪಾದಗಳಲ್ಲಿ 23 ಮಾತ್ರೆ. ‘ಕರ್ನಾಟಕ’ಕ್ಕೆ ಆರು ಮಾತ್ರೆ, ಅರ್ಕಾವತ್ತು ಅಂಕೆಯಾದರೆ ಐದೇ. ಪಾದ ಕುಂಟುತ್ತದೆ, ದೋಷ ಹೊರಬೀಳುತ್ತದೆ. ಎರಡನೆಯ ಅಕ್ಷರ ಕೆಟ್ಟರೆ ಆದಿಪ್ರಾಸವೂ ಎಚ್ಚರಿಸುತ್ತದೆ. ಮಾತ್ರೆ ಎಣಿಸುವ ಸಣ್ಣ ಕ್ರಮವಿಧಿಯಿಂದ ಇಡೀ ಕಾವ್ಯವನ್ನು ಹೀಗೆ ಪರೀಕ್ಷಿಸಬಹುದು.

ಈ ಪರೀಕ್ಷೆಗೆ ಮಿತಿಯುಂಟು. ‘ಕೀರ್ತನೆ’ಯ ಮೊದಲ ಅಕ್ಷರ ಹೇಗೂ ಗುರು, ಅರ್ಕಾವತ್ತು ಹೋದರೂ ನಾಲ್ಕು ಮಾತ್ರೆಗೆ ಲೋಪವಿಲ್ಲ. ಕೀರ್ತನೆಗಳ ಲಯವಂತೂ ಹಾಡಿಕೆಯನ್ನು ಅವಲಂಬಿಸಿರುವುದರಿಂದ ಅಲ್ಲಿ ಈ ಅಳತೆಗೋಲು ನಿಲ್ಲದು. ಅಲ್ಲಿ ಪದಗಳ ನಡುವೆ ನುಸುಳಿದ ಒಂಬತ್ತನ್ನು ಹುಡುಕುವುದು, ಏತ್ವಗಳನ್ನು ಏಕರೂಪಕ್ಕೆ ತರುವುದು, ಕೊನೆಗೆ ಮುದ್ರಿತ ಪ್ರತಿಯೊಡನೆ ಓದಿ ನೋಡುವುದು, ಇವೇ ಉಳಿದ ದಾರಿಗಳು.

ಪರಿವರ್ತನೆಗೆ ಮುನ್ನ ಕಡತವನ್ನು ಬರಿಯ ಪಠ್ಯವಾಗಿ ಉಳಿಸುವ ಅಭ್ಯಾಸ ಅಪಾಯಕರ. ಫಾಂಟಿನ ಹೆಸರು ಅಳಿದರೆ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಡಿಟಿಪ್ಪಣಿ ಎಂದು ತಿಳಿಯುವ ಗುರುತೇ ಇಲ್ಲವಾಗಿ, ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಮೂಲ ಕಡತವನ್ನು ಫಾಂಟಿನ ಸಮೇತ ಕಾಯ್ದಿಟ್ಟು, ಬಳಸಿದ ಪರಿವರ್ತಕ ಯಾವುದು, ಕೈಯಿಂದ ತಿದ್ದಿದ್ದು ಎಲ್ಲೆಲ್ಲಿ ಎಂಬುದನ್ನು ಹಸ್ತಪ್ರತಿಗಳ ವಿವರದಂತೆಯೇ ಸಂಪಾದಕರು ಪ್ರಸ್ತಾವನೆಯಲ್ಲಿ ದಾಖಲಿಸುವುದು ಅಗತ್ಯ.