ಹೆರಿಗೆಗೆ ಮೊದಲೇ ಹೇಳು, ತಂಗೀ

ತಂಗೀ,

ತಾಯಿ ಕಾರ್ಡ್ ಆಯಿತು, ಸ್ಕ್ಯಾನಿಂಗೂ ಆಯಿತು ಎಂದು ನಿನ್ನವ್ವ ಹೇಳಿದಾಗ ಸಂತೋಷಪಟ್ಟೆ. ಆದರೆ ಚೊಚ್ಚಲ ಬಾಣಂತನದಲ್ಲಿ ನಿನ್ನ ಮನಸ್ಸು ಪಟ್ಟ ಪಾಡನ್ನಾಗಲಿ, ಆಗ ತೆಗೆದುಕೊಂಡ ಗುಳಿಗೆಯ ವಿಷಯವನ್ನಾಗಲಿ ಡಾಕ್ಟರ ಮುಂದೆ ಎತ್ತಬಾರದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದೀರಂತೆ. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ, ಸಿಟ್ಟೂ ಬಂದಿದೆ. ರಕ್ತ ಎಷ್ಟು, ಬಿಪಿ ಎಷ್ಟು, ಸಕ್ಕರೆ ಎಷ್ಟು ಎಂದು ಎಲ್ಲವನ್ನೂ ಬರೆಸಿ, ಇದೊಂದನ್ನು ಮುಚ್ಚಿಟ್ಟರೆ ಹೇಗೆ?

ನಮ್ಮಕ್ಕನ ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ, ಮನೆಯಲ್ಲಿ ಯಾರೂ ಅದನ್ನು ತೆಗೆಯುವುದಿಲ್ಲ. ಎಪ್ಪತ್ತರ ದಶಕ ಅದು, ನಮ್ಮ ರೋಣ ತಾಲೂಕು ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಅಕ್ಕ ಚೊಚ್ಚಲ ಹೆರಿಗೆಗೆ ಸವಡಿಗೆ ಬಂದಿದ್ದಳು. ಹೆತ್ತು ಎಂಟು ದಿನ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ನಿದ್ದೆ ಹೋಯಿತು. ಅಂಟಿನುಂಡಿ ಕೊಟ್ಟರೆ ಹಿಡಿದುಕೊಂಡೇ ಕೂತಿರುತ್ತಿದ್ದಳು, ತುಪ್ಪ ಕರಗಿ ಬೆರಳಸಂದಿಯಿಂದ ಮೊಣಕೈಗೆ ಇಳಿದರೂ ಅರಿವಿರುತ್ತಿರಲಿಲ್ಲ. ಕೂಸನ್ನು ಯಾರೋ ಒಯ್ಯುತ್ತಾರೆಂದು ಅದರ ಕುಲಾವಿಯ ದಾರ ಬಿಗಿಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ಗಾಳಿ ಸೋಕಿದೆ ಎಂದರು. ಲೋಬಾನ ಹಾಕಿದರು, ಇಟಗಿ ಭೀಮವ್ವನಿಗೆ ಹರಕೆ ಹೊತ್ತರು. ಹರಕೆಗೆ ನನ್ನ ತಕರಾರಿಲ್ಲ, ನಾನೂ ಇಟಗಿಗೆ ನಡೆದುಕೊಳ್ಳುವವಳೇ. ಆದರೆ ಅಕ್ಕನಿಗೆ ನಿದ್ದೆ ಮಾತ್ರ ಬರಲಿಲ್ಲ.

ಕೊನೆಗೆ ರೋಣದಿಂದ ನಮ್ಮ ಮನೆ ಡಾಕ್ಟರು ಬಂದರು. ಅಜ್ಜನ ದಮ್ಮಿನಿಂದ ಹಿಡಿದು ನಮ್ಮೆಲ್ಲರ ಕಜ್ಜಿ ಕೆಮ್ಮಿನವರೆಗೆ ಅವರು ನೋಡದ್ದು ಯಾವುದೂ ಇರಲಿಲ್ಲ. ಜ್ವರ ನೋಡಿದರು, ಹಾಲಿನ ವಿಚಾರ ಕೇಳಿದರು. ಆಮೇಲೆ ಹೊರಸಿನ ಪಕ್ಕದಲ್ಲಿ ನೆಲಕ್ಕೇ ಕೂತು, "ಕೂಸು ಮಲಗಿದಾಗರೆ ನಿನಗ ನಿದ್ದಿ ಹತ್ತತದೇನವಾ?" ಎಂದರು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅವರು ಧಾರವಾಡದ ಮಾನಸಿಕ ಆಸ್ಪತ್ರೆಗೆ ಚೀಟಿ ಬರೆದರೆ ಅಪ್ಪ, "ಧಾರವಾಡಕ್ಕ ಹೋದ್ರಂದ್ರ ಉಳದ ಹೆಣ್ಮಕ್ಕಳನ್ನ ಯಾರು ಮಾಡ್ಕೋತಾರ್ರಿ?" ಎಂದ. ಆ ಉಳಿದವರಲ್ಲಿ ನಾನೂ ಒಬ್ಬಳು. ಡಾಕ್ಟರು ಬಿಡಲಿಲ್ಲ, ತಾವೇ ಜೊತೆಗೆ ಹೋದರು. ಔಷಧ ಹಿಡಿಸಿತು, ಅಕ್ಕ ಗುಣವಾದಳು.

ಎರಡನೆಯ ಸಲ ಅಕ್ಕ ಬಸುರಾದಾಗ ಏಳನೆಯ ತಿಂಗಳಲ್ಲೇ ಆ ಡಾಕ್ಟರು ನಮ್ಮವ್ವನನ್ನೂ ಅಕ್ಕನ ಅತ್ತೆಯನ್ನೂ ಕೂಡಿಸಿಕೊಂಡು ಮಾತಾಡಿದರು. ರಾತ್ರಿ ಕೂಸನ್ನು ಯಾರು ಎತ್ತಿಕೊಳ್ಳಬೇಕು, ಅಕ್ಕನಿಗೆ ಎಷ್ಟು ತಾಸು ನಿದ್ದೆ ಆಗಲೇಬೇಕು, ಏನು ಕಂಡರೆ ತಮಗೆ ಹೇಳಿಕಳಿಸಬೇಕು ಎಂದು ಗೊತ್ತುಮಾಡಿದರು. ಔಷಧದ ಬಗ್ಗೆ ಧಾರವಾಡದವರನ್ನು ಮೊದಲೇ ಕೇಳಿಟ್ಟಿದ್ದರು. ಆ ಬಾಣಂತನ ಸುಖವಾಗಿ ಮುಗಿಯಿತು. ಅವರಿಗೆ ಹಿಂದಿನದು ಗೊತ್ತಿತ್ತು, ಹಾಗಾಗಿ ಮುಂದಿನದಕ್ಕೆ ತಯಾರಿ ಆಯಿತು. ನಿನ್ನ ಡಾಕ್ಟರಿಗೆ ಏನು ಗೊತ್ತಿದೆ?

ಹೆತ್ತ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಇರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಮಂಕು ಬಿಡದಿದ್ದರೆ ಅದು ಖಿನ್ನತೆ ಇರಬಹುದು. ಅಕ್ಕನಿಗೆ ಬಂದಂಥ ಸನ್ನಿ ಸಾವಿರ ಹೆರಿಗೆಗೆ ಒಂದೋ ಎರಡೋ. ಆದರೆ ಯಾವುದೇ ಆಗಲಿ, ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಖಿನ್ನತೆಯನ್ನು ಪತ್ತೆಹಚ್ಚಲು ಎಡಿನ್‌ಬರೋದವರು 1987ರಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ, ಐದು ನಿಮಿಷದ ಕೆಲಸ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಹೆಣ್ಣುಮಕ್ಕಳೇ ಬಸುರಿಯರ ಮನೆಗೆ ಹೋಗಿ ಕ್ರಮವಾಗಿ ಮಾತಾಡಿಸಿದ್ದರಿಂದ ಖಿನ್ನತೆ ಇಳಿಯಿತೆಂದು 2008ರಲ್ಲೇ ತೋರಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಕೂಡಿಯೇ ಇರುವ ವಾರ್ಡ್ ಇದೆ. ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯ ನೆಪದಲ್ಲಿ ತಾಯಿಯಿಂದ ಸಾಮಾನ್ಯವಾಗಿ ಅಗಲಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಕೂಸನ್ನು ಕಸಿದುಕೊಳ್ಳುತ್ತಾರೆಂಬ ಅಂಜಿಕೆ ನಿನಗಿದ್ದರೆ ಅದನ್ನು ಬಿಡು.

ನಿನ್ನ ಹಿಂಜರಿಕೆಗೂ ಕಾರಣವಿದೆ, ಇಲ್ಲವೆನ್ನುವುದಿಲ್ಲ. ಬಾಗಿಲಾಚೆ ಹತ್ತು ಮಂದಿ ಕೂತಿರುತ್ತಾರೆ, ಅತ್ತೆ ಪಕ್ಕದಲ್ಲೇ ಇರುತ್ತಾಳೆ. ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ಆದರೆ ಇಷ್ಟು ಓದಿದವಳು ನೀನು, ಊರವರ ಬಾಯಿಗೆ ಅಂಜಿ ಹೊಟ್ಟೆಯೊಳಗಿನ ಕೂಸನ್ನೂ ನಿನ್ನನ್ನೂ ಪಣಕ್ಕೆ ಒಡ್ಡುವುದು ಯಾವ ಜಾಣತನ? ಅಂದು ನಮ್ಮಪ್ಪ ಆಡಿದ ಮಾತನ್ನೇ ಇಂದು ನೀನೂ ಆಡುತ್ತಿದ್ದೀಯಲ್ಲ! ಗುಳಿಗೆಯನ್ನೂ ನೀನೇ ನಿಲ್ಲಿಸಿದೆಯಂತೆ. ವಾಲ್ಪ್ರೊಯೇಟ್‌ನಂಥ ಕೆಲವು ಗುಳಿಗೆ ಬಸುರಿಯರಿಗೆ ಕೂಡದು, ಕೆಲವನ್ನು ಮುಂದುವರಿಸುವುದೇ ಒಳ್ಳೆಯದು. ಯಾವುದು ಏನೆಂದು ಡಾಕ್ಟರು ಹೇಳಲಿ, ನೀನಾಗಿ ಬಿಡಲೂ ಬೇಡ, ಮತ್ತೆ ಹಿಡಿಯಲೂ ಬೇಡ.

ಬಿರುಸಾಗಿ ಬರೆದೆನೇನೋ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂದು ಕೂಸನ್ನು ಹಿಡಿದು ನೀನೊಬ್ಬಳೇ ಎದ್ದು ಕೂತ ರಾತ್ರಿಗಳು ಈ ಸಲ ಬರಬಾರದು, ನನ್ನ ಆಸೆ ಅಷ್ಟೇ. ಪ್ರತಿ ತಿಂಗಳು 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಅಲ್ಲಿಯಾದರೂ ಸರಿ, ನಿಮ್ಮ ಮನೆ ಡಾಕ್ಟರ ಹತ್ತಿರವಾದರೂ ಸರಿ. ಕಡೆಯ ಪಾಳಿ ಕೇಳಿಕೊಂಡು, ಅತ್ತೆಯನ್ನು ಹೊರಗೆ ಕೂರಿಸಿ, ಹಳೆಯ ಚೀಟಿಗಳನ್ನು ಮುಂದಿಡು. ರಾತ್ರಿ ಹೊತ್ತು ತಡೆಯದಂತಾದರೆ 14416ಕ್ಕೆ ಫೋನ್ ಹಚ್ಚು. ಅದು ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಜೊತೆಗೆ ಯಾರೂ ಇಲ್ಲವೆಂದರೆ ನಾನು ಬರುತ್ತೇನೆ. ನಿನ್ನ ಗಂಡನಿಗೂ ಈ ಪತ್ರ ಓದಿಸು.

ನಿನ್ನ ದೊಡ್ಡಮ್ಮ,
ಸವಡಿ