ಕಾಲುಹಾದಿಯೂ ಸೈಕಲ್ಲೂ

ಇಂಗ್ಲೆಂಡಿನಲ್ಲಿ ಕಾಲುಹಾದಿಯ ಮೇಲೆ ಗಾಡಿ ನಡೆಸುವುದನ್ನು 1835ರ ಹೆದ್ದಾರಿ ಕಾಯಿದೆಯು ನಿಷೇಧಿಸಿತು. 1888ರಲ್ಲಿ ಇನ್ನೊಂದು ಕಾಯಿದೆ, ಸೈಕಲ್ಲೂ ಗಾಡಿಯೇ ಎಂದು ಸಾರಿ ಅದನ್ನು ಬೀದಿಗಿಳಿಸಿತು. ಇದು ನ್ಯಾಯವೇ, ಪಾದಚಾರಿ ಗಂಟೆಗೆ ಸುಮಾರು 5 ಕಿಲೋಮೀಟರು ನಡೆದರೆ ಸೈಕಲ್ಲು 15 ಓಡುತ್ತದೆ. ಆದರೆ ಅಂದಿನ ಬೀದಿಯಲ್ಲಿದ್ದುದು ಕುದುರೆಗಾಡಿ. ಇಂದು ನಮ್ಮ ಊರುಗಳಲ್ಲಿ ಸೈಕಲ್ಲಿನ ಬೆನ್ನಿಗೇ ಬಸ್ಸು, ಲಾರಿ. ಭಾರತೀಯ ರಸ್ತೆ ಕಾಂಗ್ರೆಸ್ಸು ಕಾಲುಹಾದಿಗೆ ಹೇಳಿರುವ ಕನಿಷ್ಠ ಅಗಲ 1.8 ಮೀಟರು, ಅದು ನಡೆಯುವವರಿಗೇ ಸಾಲದು. ಸೈಕಲ್ಲಿಗೆ ಬೇಕಾದ ಜಾಗವನ್ನು ಮೋಟಾರುಗಳ ಪಾಲಿನಿಂದಲೇ ತೆಗೆಯಬೇಕು. ಉಪದೇಶ ಮಾಡುವ ನಾನೇನೂ ನಿರ್ದೋಷಿಯಲ್ಲ. ಒಮ್ಮೆ ಲಾರಿಗೆ ಹೆದರಿ ಸೈಕಲ್ಲನ್ನು ಕಾಲುಹಾದಿಗೆ ಹತ್ತಿಸಿ ಬೆಲ್ಲು ಬಾರಿಸಿದೆ. ಮುಂದೆ ಹೋಗುತ್ತಿದ್ದ ಅಜ್ಜಿಯೊಬ್ಬರು ಬೆದರಿ ಪಕ್ಕಕ್ಕೆ ಸರಿದರು. ಅವರು ಇಳಿದದ್ದು ಅದೇ ಲಾರಿಯ ಹಾದಿಗೆ. ಡ್ರೈವರನು ಬ್ರೇಕು ಹಾಕಿದ.